ಹಗಲು ಹೊತ್ತಿನ ಹಾಡು: ಕ್ವಿಬೆಕ್‌ನ ರೂಜ್ ಎಫ್‌ಎಂ ಮತ್ತು ಭಾಷೆಯ ಪಾಲು



ಭಾಷಾನೀತಿ ಎಂದೊಡನೆ ನಮ್ಮ ಮಾತು ಶಾಲೆ, ಕಚೇರಿ, ನಾಮಫಲಕಗಳ ಕಡೆಗೆ ಹೊರಳುತ್ತದೆ. ನಾನು ಇಂದು ಎತ್ತಿಕೊಂಡಿರುವುದು ವಿದ್ವಾಂಸರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ ಒಂದು ಜಾಗವನ್ನು: ಕೆನಡಾದ ಕ್ವಿಬೆಕ್ ಪ್ರಾಂತ್ಯದ ರೂಜ್ ಎಫ್‌ಎಂ ಎಂಬ ಫ್ರೆಂಚ್ ರೇಡಿಯೊ ಜಾಲ. ಉದ್ಯಮದವರು ಇಂಥ ಕೇಂದ್ರಗಳನ್ನು ಅಡಲ್ಟ್ ಕಾಂಟೆಂಪರರಿ ಎನ್ನುತ್ತಾರೆ. ಹಳತು ಹೊಸತು ಬೆರೆತ, ಅಬ್ಬರವಿಲ್ಲದ ಜನಪ್ರಿಯ ಹಾಡುಗಳು. ಕೆಲಸ ಮಾಡುತ್ತಾ, ಕಾರು ಓಡಿಸುತ್ತಾ ಕೇಳುವ ರೇಡಿಯೊ.

ಮಾಂಟ್ರಿಯಲ್‌ನ 107.3 ಈ ಜಾಲದ ಮುಖ್ಯ ಕೇಂದ್ರ. ಅದು ಪ್ರಸಾರ ಆರಂಭಿಸಿದ್ದು 1977ರಲ್ಲಿ. ಫ್ರೆಂಚನ್ನು ದುಡಿಮೆಯ, ವ್ಯಾಪಾರದ ಭಾಷೆಯನ್ನಾಗಿಸಿದ ಕಾನೂನು, ಜನರ ಬಾಯಲ್ಲಿ ಬಿಲ್ 101, ಅಂಗೀಕಾರವಾದದ್ದೂ ಅದೇ ವರ್ಷ. ಬಹುಕಾಲ ರಾಕ್‌ದೆತಾಂತ್ ಎಂದಿದ್ದ ಜಾಲ 2011ರಲ್ಲಿ ರೂಜ್ ಆಯಿತು. 2013ರಲ್ಲಿ ಜಾಲದ ಒಡೆತನವಿದ್ದ ಆಸ್ಟ್ರಲ್ ಕಂಪನಿಯನ್ನು ದೂರಸಂಪರ್ಕ ಸಂಸ್ಥೆ ಬೆಲ್ ಕೊಂಡಾಗ ಇದೂ ಬೆಲ್ ಪಾಲಾಯಿತು. ಹೆಸರು, ಒಡೆತನ ಎರಡೂ ಬದಲಾದವು; ಹಾಡಿನ ನಿಯಮ ಮಾತ್ರ ಉಳಿಯಿತು.

ಆ ನಿಯಮ ಕ್ವಿಬೆಕ್ ಸರ್ಕಾರದ್ದಲ್ಲ, ಇಡೀ ಕೆನಡಾದ ಪ್ರಸಾರ ನಿಯಂತ್ರಕ ಆಯೋಗ ಸಿಆರ್‌ಟಿಸಿಯದು. ಫ್ರೆಂಚ್ ಖಾಸಗಿ ಕೇಂದ್ರಗಳು ವಾರವೊಂದರಲ್ಲಿ ಹಾಕುವ ಜನಪ್ರಿಯ ಗಾಯನದಲ್ಲಿ ಶೇ. 65ರಷ್ಟು ಫ್ರೆಂಚ್‌ನಲ್ಲಿರಬೇಕು. ಇಷ್ಟೇ ಹೇಳಿ ಸುಮ್ಮನಿದ್ದಿದ್ದರೆ ವ್ಯಾಪಾರಿಗೆ ದಾರಿ ಸುಲಭವಿತ್ತು: ಫ್ರೆಂಚ್ ಹಾಡುಗಳನ್ನೆಲ್ಲ ನಡುರಾತ್ರಿಗೆ ತಳ್ಳಿ, ಹಗಲನ್ನು ಇಂಗ್ಲಿಷ್ ಹಿಟ್‌ಗಳಿಗೆ ಬಿಟ್ಟುಕೊಡಬಹುದಿತ್ತು. ಆದ್ದರಿಂದ ಇನ್ನೊಂದು ಷರತ್ತು ಬಂತು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6ರಿಂದ ಸಂಜೆ 6ರ ನಡುವೆ ಕನಿಷ್ಠ ಶೇ. 55 ಫ್ರೆಂಚ್ ಇರಲೇಬೇಕು. ನನ್ನ ದೃಷ್ಟಿಯಲ್ಲಿ ಈ ನೀತಿಯ ಜಾಣತನವೆಲ್ಲ ಇರುವುದು ಈ ಎರಡನೆಯ ಅಂಕಿಯಲ್ಲಿ. ಭಾಷೆಗೆ ಪಾಲು ಕೊಟ್ಟರೆ ಸಾಲದು, ಜನ ಕಿವಿ ತೆರೆದಿರುವ ಹೊತ್ತಿನಲ್ಲಿ ಕೊಡಬೇಕು.

ಕೆನಡಾದ ಹಾಡುಗಳಿಗೆ ಶೇ. 35ರ ಪಾಲು ಬೇರೆಯೇ ಇದೆ. ಹೀಗಾಗಿ ಪ್ಯಾರಿಸ್‌ನಿಂದ ಬಂದ ಹಾಡು ಒಂದು ಲೆಕ್ಕಕ್ಕೆ ಸಲ್ಲುತ್ತದೆ, ಇನ್ನೊಂದಕ್ಕೆ ಸಲ್ಲುವುದಿಲ್ಲ. ಭಾಷೆಯನ್ನೂ ನೆಲದ ಕಲಾವಿದನನ್ನೂ ಬೇರೆಬೇರೆಯಾಗಿ ಕಾಯುವ ಏರ್ಪಾಡು ಇದು.

ಚಾಪೆಯ ಕೆಳಗೆ ನುಸುಳಿದವರೂ ಇದ್ದರು. ಹಲವು ಇಂಗ್ಲಿಷ್ ಹಾಡುಗಳ ತುಣುಕುಗಳನ್ನು ಒಟ್ಟು ಪೋಣಿಸಿದರೆ ಲೆಕ್ಕದಲ್ಲಿ ಅದು ಒಂದೇ ಹಾಡು. ಕೆಲವು ಕೇಂದ್ರಗಳು ಇದನ್ನು ಧಾರಾಳವಾಗಿ ಬಳಸಿದವು, ಆಯೋಗ ಕಡಿವಾಣ ಹಾಕಬೇಕಾಯಿತು.

ಆದರೆ ನಿಯಮ ಹಾಡನ್ನು ಹುಟ್ಟಿಸಲಾರದು. ಅದಕ್ಕೆ ಸ್ಟುಡಿಯೊ, ನಿರ್ಮಾಪಕರು, ಹಣ ಬೇಕು. 1978ರಲ್ಲಿ ಧ್ವನಿಮುದ್ರಣ ಉದ್ಯಮದವರು ಆದಿಸ್ಕ್ ಸಂಘ ಕಟ್ಟಿದರು. ಮರುವರ್ಷದಿಂದ ಹಾಡುಗಾರ ಫೆಲಿಕ್ಸ್ ಲೆಕ್ಲೇರ್ ಹೆಸರಿನ ಪ್ರಶಸ್ತಿಗಳು ಬಂದವು. 1990ರಲ್ಲಿ ಸೆಲೀನ್ ಡಿಯೋನ್ ಇಂಗ್ಲಿಷ್ ಗಾಯನದ ಫೆಲಿಕ್ಸ್ ಪ್ರಶಸ್ತಿಯನ್ನು ವೇದಿಕೆಯ ಮೇಲೆಯೇ ನಿರಾಕರಿಸಿದರು. ಇಂಗ್ಲಿಷ್‌ನಲ್ಲಿ ಹಾಡಿದರೂ ತಾನು ಕ್ವಿಬೆಕ್‌ನವಳೇ ಎಂಬುದು ಅವರ ನಿಲುವು.

ಈಗ ಪ್ರಶ್ನೆ ರೇಡಿಯೊದ ಆಚೆಗೆ ಸರಿದಿದೆ. 2024ರ ಫೆಬ್ರುವರಿಯಲ್ಲಿ ಬೆಲ್ ತನ್ನ 45 ಕೇಂದ್ರಗಳ ಮಾರಾಟ ಘೋಷಿಸಿತು. ಮೊಬೈಲ್‌ನಲ್ಲಿ ಹಾಡು ಕೇಳುವವನಿಗೆ ಶೇ. 65 ಎಂಬುದೇ ಇಲ್ಲ. 2023ರಲ್ಲಿ ಕೆನಡಾ ಸ್ಟ್ರೀಮಿಂಗ್ ಕಂಪನಿಗಳನ್ನೂ ಪ್ರಸಾರ ಕಾನೂನಿನ ವ್ಯಾಪ್ತಿಗೆ ತಂದಿತು. ಮರುವರ್ಷ ಆಯೋಗ ಅವುಗಳಿಂದ ಆದಾಯದ ಪಾಲು ಕೇಳಿತು. ಹಣ ಕೇಳುವುದು ಸುಲಭ. ಮುಂದಿನ ಹಾಡು ಯಾವುದೆಂದು ಆರಿಸುವ ಯಂತ್ರಕ್ಕೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಅಲ್ಲಿ ಫ್ರೆಂಚ್ ಹಾಡು ಕೇಳುಗನ ಕಣ್ಣಿಗೆ ಬೀಳುವಂತೆ ಮಾಡುವುದು ಹೇಗೆ ಎಂಬುದೇ ಕಷ್ಟದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವವರು ಆ ಶೇ. 55ರ ಷರತ್ತನ್ನು ಬರೆದವರಷ್ಟೇ ವ್ಯವಹಾರ ಬಲ್ಲವರಾಗಿರಬೇಕು.