ಮೈದಾನಕ್ಕೂ ಮೊದಲು ಒಂದು ಕೋಣೆ

ಯುರೋಪಿನ ಬಿಯರು, ನಮ್ಮ ಬೆಂಗಳೂರಿನ ಕ್ರಾಫ್ಟ್ ಬಿಯರು, ಜೊತೆಗೆ ಅರವತ್ತು, ಎಪ್ಪತ್ತರ ದಶಕಗಳ ರಾಕ್ ಸಂಗೀತ, ಇಷ್ಟನ್ನೂ ಒಂದೇ ಮೈದಾನಕ್ಕೆ ತಂದವರ ಶ್ರಮ ಸಣ್ಣದಲ್ಲ. ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್‌ನಲ್ಲಿ 1950ರಿಂದಲೂ ನಗರದ ಮೇಯರ್ ಮರದ ಸುತ್ತಿಗೆಯಿಂದ ಪೀಪಾಯಿಗೆ ನಲ್ಲಿ ಬಡಿದು ಉತ್ಸವ ಶುರುಮಾಡುತ್ತಾರೆ. ಎಷ್ಟು ಪೆಟ್ಟಿಗೆ ನಲ್ಲಿ ಕೂತಿತು ಎಂದು ಜನ ಎಣಿಸುತ್ತಾರೆ. ಆ ಪರೀಕ್ಷೆಯನ್ನು ಬಿಯರ್ ತಯಾರಕರಿಗೇ ಬಿಟ್ಟಿದ್ದೇನೆ. ಯಾವ ಮಳಿಗೆಯಲ್ಲಿ ಏನಿದೆ, ಯಾವ ಬ್ಯಾಂಡ್ ಎಷ್ಟು ಹೊತ್ತಿಗೆ ಎಂಬುದೆಲ್ಲ ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿದೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಮೈದಾನದಲ್ಲಿ ನಾವು ಇಂದು ಸವಿಯಲಿರುವ ಬಿಯರೂ ಸಂಗೀತವೂ ಬೆಳೆದದ್ದು ಸಣ್ಣ ಕೋಣೆಗಳಲ್ಲಿ. ಅಂಥ ಕೋಣೆಗಳು ಒಂದು ಊರಿನಲ್ಲಿ ಉಳಿಯದಿದ್ದರೆ, ಆ ಊರಿನ ಉತ್ಸವಗಳಲ್ಲಿ ಕಾಲಕ್ರಮೇಣ ಬೇರೆಯವರ ಹಳೆಯ ಸರಕಿನ ನಕಲಷ್ಟೇ ಸಿಗುತ್ತದೆ.

ಇತಿಹಾಸ ಪೂರ್ತಿ ಹೇಳುವಷ್ಟು ಸಮಯವಿಲ್ಲ, ಒಂದು ಪ್ರಸಂಗ ಸಾಕು. 1964ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಹೊರವಲಯದ ವೀಲ್ಡ್‌ಸ್ಟೋನ್‌ನಲ್ಲಿದ್ದ ರೈಲ್ವೆ ಹೋಟೆಲ್ ಎಂಬ ಪಬ್ಬಿನಲ್ಲಿ ‘ದಿ ಹೂ’ ಬ್ಯಾಂಡ್ ನುಡಿಸುತ್ತಿತ್ತು. ಸೂರು ತೀರ ತಗ್ಗು. ಪೀಟ್ ಟೌನ್‌ಶೆಂಡ್ ಗಿಟಾರನ್ನು ಮೇಲೆತ್ತಿದಾಗ ಅದರ ತಲೆ ಸೂರಿಗೆ ಬಡಿದು ಮುರಿಯಿತು. ಎದುರಿಗಿದ್ದ ಕೆಲವರು ನಕ್ಕರು. ಆ ನಗು ಆತನಿಗೆ ಕೇಳಿಸಿತು. ಮುರಿದದ್ದೇ ಆಯಿತು ಎಂಬಂತೆ ಆತ ಗಿಟಾರನ್ನು ಪೂರ್ತಿ ಜಜ್ಜಿ, ಇನ್ನೊಂದನ್ನು ಎತ್ತಿಕೊಂಡು ನುಡಿಸಿದ. ರಾಕ್ ವೇದಿಕೆಯ ಅತಿ ಪ್ರಸಿದ್ಧ ವರಸೆ ಹೀಗೆ ಒಂದು ಪಬ್ಬಿನ ಸೂರಿನ ಎತ್ತರದಿಂದಾಗಿ, ಕೈಯಳತೆಯಲ್ಲಿದ್ದ ಕೇಳುಗರ ನಗುವಿನಿಂದಾಗಿ ಹುಟ್ಟಿತು. ಇದನ್ನು ಆಕಸ್ಮಿಕ ಎಂದು ತಳ್ಳಿಹಾಕಬಹುದು. ಆದರೆ ಅದೇ ಕಾಲದ ಬೇರೆ ಹೆಸರುಗಳನ್ನು ನೋಡಿ. ರೋಲಿಂಗ್ ಸ್ಟೋನ್ಸ್ 1963ರಲ್ಲಿ ವಾರವಾರ ನುಡಿಸಿ ಹೆಸರು ಮಾಡಿದ್ದು ರಿಚ್ಮಂಡ್‌ನ ಸ್ಟೇಷನ್ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ. ಬ್ಲ್ಯಾಕ್ ಸಬಾತ್ ಆ ಹೆಸರನ್ನು ಇಟ್ಟುಕೊಳ್ಳುವ ಮೊದಲೇ ಬರ್ಮಿಂಗ್‌ಹ್ಯಾಮ್‌ನ ‘ದಿ ಕ್ರೌನ್’ ಪಬ್ಬಿನ ಮಹಡಿಯಲ್ಲಿ ನುಡಿಸುತ್ತಿತ್ತು. ಸ್ಟೋನ್ಸ್ ನಮ್ಮ ಅರಮನೆ ಮೈದಾನಕ್ಕೆ ಬಂದದ್ದು 2003ರ ಏಪ್ರಿಲ್‌ನಲ್ಲಿ, ಅಂದರೆ ಆ ಹಿಂಬದಿ ಕೋಣೆಯಿಂದ ನಲವತ್ತು ವರ್ಷಗಳ ನಂತರ. ನಾವು ಕಂಡದ್ದು ಮೈದಾನದ ಸ್ಟೋನ್ಸ್. ಅವರು ಪಳಗಿದ ಕೋಣೆ ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ಬಿಯರಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅದರಲ್ಲಿ ಕೋಣೆಯ ಗಾತ್ರಕ್ಕೆ ತಾಂತ್ರಿಕ ಕಾರಣವೇ ಇದೆ. ಇಂಗ್ಲೆಂಡಿನ ಸಾಂಪ್ರದಾಯಿಕ ಕ್ಯಾಸ್ಕ್ ಏಲ್ ಪಬ್ಬಿಗೆ ಬರುವಾಗ ಇನ್ನೂ ಜೀವಂತ ಬಿಯರು. ಪೀಪಾಯಿಯೊಳಗೆ ಯೀಸ್ಟ್ ಕೆಲಸ ಮಾಡುತ್ತಲೇ ಇರುತ್ತದೆ. ಸುಮಾರು 12 ಡಿಗ್ರಿ ತಂಪಿನ ನೆಲಮಾಳಿಗೆಯಲ್ಲಿ ಅದನ್ನು ಅಲುಗಾಡದಂತೆ ಮಲಗಿಸಿ, ಗಷ್ಟು ಕೆಳಗಿಳಿಯಲು ಬಿಟ್ಟು, ಹದ ನೋಡಿ ನಲ್ಲಿ ಬಡಿದು, ಕೈಪಂಪಿನಿಂದ ಮೇಲೆಳೆಯಬೇಕು. ಒಮ್ಮೆ ತೆರೆದ ಮೇಲೆ ಒಳಗೆ ಗಾಳಿ ಸೇರುತ್ತದೆ. ಮೂರು ದಿನ ಕಳೆದರೆ ರುಚಿ ಇಳಿಯುತ್ತದೆ. ಸಾಮಾನ್ಯವಾಗಿ ಬಳಸುವ ಫರ್ಕಿನ್ ಪೀಪಾಯಿಯಲ್ಲಿ ಹಿಡಿಯುವುದು ಸುಮಾರು 41 ಲೀಟರ್, ಎಂದರೆ 72 ಪಿಂಟು. ಮೂರು ದಿನದಲ್ಲಿ ಅಷ್ಟು ಖರ್ಚಾಗಲು ನಿತ್ಯ ಬರುವ ಗಿರಾಕಿಗಳು ಬೇಕು, ಅವರ ಮುಖ ನೋಡಿ ಬಿಯರಿನ ಯೋಗಕ್ಷೇಮ ತಿಳಿಯುವ ಮಾಲೀಕ ಬೇಕು. ಸೋಸಿ, ಪಾಶ್ಚರೀಕರಿಸಿ, ಅನಿಲದ ಒತ್ತಡದಲ್ಲಿ ತುಂಬಿದ ಕೆಗ್ ಬಿಯರಿಗೆ ಈ ಯಾವ ತಾಪತ್ರಯವೂ ಇಲ್ಲ. ಅದನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು, ಯಾರು ಬೇಕಾದರೂ ಸುರಿಯಬಹುದು. ಅದಕ್ಕೇ ಅರವತ್ತರ ದಶಕದಲ್ಲಿ ಬ್ರಿಟನ್ನಿನ ದೊಡ್ಡ ಬ್ರೂವರಿಗಳು ಕೆಗ್ಗಿನ ಕಡೆ ಹೊರಳಿದವು. 1971ರಲ್ಲಿ ನಾಲ್ವರು ಗೆಳೆಯರು ಐರ್ಲೆಂಡಿನ ಕೆರಿ ಪ್ರಾಂತದ ಡಂಕ್ವಿನ್‌ನ ಕ್ರೂಗರ್ಸ್ ಬಾರಿನಲ್ಲಿ ಕೂತು ಇದರ ವಿರುದ್ಧ ಚಳವಳಿ ಕಟ್ಟಲು ನಿರ್ಧರಿಸಿದರು, ಅದೇ ‘ಕ್ಯಾಮ್ರಾ’. ಅವರ ತಕರಾರು ರುಚಿಯದ್ದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ರುಚಿ ಉಳಿಯಬೇಕಾದರೆ ನೆಲಮಾಳಿಗೆ, ಅದನ್ನು ನೋಡಿಕೊಳ್ಳುವ ಕೈ, ಅದನ್ನು ಬೇಗ ಕುಡಿದು ಮುಗಿಸುವ ಒಂದು ಕೋಣೆಯಷ್ಟು ಜನ, ಮೂರೂ ಉಳಿಯಬೇಕಿತ್ತು.

ಇಲ್ಲಿ ಒಂದು ಆಕ್ಷೇಪ ಸಹಜ. ದೊಡ್ಡ ಕಂಪನಿ ಇಲ್ಲದಿದ್ದರೆ ಈ ಹಾಡುಗಳು ಬೆಂಗಳೂರಿಗೆ ತಲುಪುತ್ತಿದ್ದವೇ, ಬೆಲ್ಜಿಯಂನ ಬಿಯರನ್ನು ನಾವು ಕುಡಿಯುತ್ತಿದ್ದೆವೇ? ತಲುಪುತ್ತಿರಲಿಲ್ಲ. ಅದನ್ನು ಒಪ್ಪದಿರುವುದು ಅಪ್ರಾಮಾಣಿಕತೆ. ದೊಡ್ಡ ಸ್ಟುಡಿಯೊ ಇಲ್ಲದೆ 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ ಇಲ್ಲ. ಆದರೆ ಆ ಸ್ಟುಡಿಯೊಗೆ ಹೋದ ಬೀಟಲ್ಸ್ ಅದಕ್ಕೂ ಮೊದಲು ಲಿವರ್‌ಪೂಲ್‌ನ ಕ್ಯಾವರ್ನ್ ಎಂಬ ನೆಲಮಾಳಿಗೆಯಲ್ಲಿ ಸುಮಾರು 300 ಬಾರಿ ನುಡಿಸಿದ್ದರು. ಹಂಚುವ ಶಕ್ತಿ ದೊಡ್ಡವರದು. ಹುಟ್ಟಿಸುವ ಶಕ್ತಿ ಬಹುಪಾಲು ಸಣ್ಣವರದು. ಬೆಲ್ಜಿಯಂನ ಹೂಗಾರ್ಡನ್ ಇದಕ್ಕೆ ಸ್ಪಷ್ಟ ನಿದರ್ಶನ. ಆ ಊರಿನ ಕೊನೆಯ ಬಿಳಿ ಬಿಯರ್ ಬ್ರೂವರಿ 1957ರಲ್ಲಿ ಮುಚ್ಚಿತು. ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್, ಅರವತ್ತರ ದಶಕದ ನಡುವೆ, ಗೋಧಿ, ಕೊತ್ತಂಬರಿ ಬೀಜ, ಒಣಗಿದ ಕಿತ್ತಳೆ ಸಿಪ್ಪೆಯ ಆ ಬಿಯರನ್ನು ಮತ್ತೆ ಮಾಡತೊಡಗಿದ. 1985ರ ಬೆಂಕಿಯಲ್ಲಿ ಆತನ ಬ್ರೂವರಿಗೆ ಭಾರೀ ಪೆಟ್ಟು ಬಿದ್ದು ಹಣ ಬೇಕಾದಾಗ ದೊಡ್ಡ ಕಂಪನಿ ಒಳಬಂತು, ಕೊನೆಗೆ ಅದೇ ಯಜಮಾನನಾಯಿತು. ಜಗತ್ತಿಗೆಲ್ಲ ಆ ಬಿಯರನ್ನು ಹಂಚಿದ್ದು ಅದೇ ಕಂಪನಿ, ನಿಜ. ಆದರೆ 2005ರಲ್ಲಿ ಹೂಗಾರ್ಡನ್ನಿನ ಬ್ರೂವರಿಯನ್ನೇ ಮುಚ್ಚಿ ತಯಾರಿಕೆಯನ್ನು ಜುಪೀಲ್ ಎಂಬ ಬೇರೆ ಊರಿಗೆ ಒಯ್ಯುತ್ತೇನೆ ಎಂದು ಹೊರಟದ್ದೂ ಅದೇ. ಊರವರ ಪ್ರತಿಭಟನೆಯ ಬಳಿಕ 2007ರಲ್ಲಿ ಆ ಯೋಜನೆ ಕೈಬಿಟ್ಟಿತು. ಇಂದು ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಸಲೀಸಾಗಿ ಸಿಗುವ ಬೆಲ್ಜಿಯನ್ ವಿಟ್ ಆ ಹಾಲಿನವನ ಹಟದ ಫಲ. ಯಾವ ಮಾರುಕಟ್ಟೆ ಸಮೀಕ್ಷೆಯೂ ಸತ್ತುಹೋದ ಬಿಯರೊಂದನ್ನು ಎಬ್ಬಿಸಿ ಎಂದು ಆತನಿಗೆ ಹೇಳಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಇದೆಲ್ಲ ಕುಡಿತಕ್ಕೆ ಕೊಡುವ ಸಾಂಸ್ಕೃತಿಕ ಸಬೂಬು ಅಲ್ಲವೇ? ಕುಡಿತದಿಂದ ಮುರಿದ ಮನೆಗಳು ನಮ್ಮ ನಾಡಿನಲ್ಲಿ ಕಣ್ಣೆದುರೇ ಇರುವಾಗ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ನಾನು ಆಗಲೇ ಹೆಸರಿಸಿದ ಕ್ಯಾವರ್ನ್‌ನಲ್ಲೇ ಅರ್ಧ ಉತ್ತರವಿದೆ. ಬೀಟಲ್ಸ್ ನುಡಿಸುತ್ತಿದ್ದ ಕಾಲದಲ್ಲಿ ಅಲ್ಲಿ ಮದ್ಯ ಮಾರಲು ಪರವಾನಗಿಯೇ ಇರಲಿಲ್ಲ. ಸಿಗುತ್ತಿದ್ದದ್ದು ಕಾಫಿ, ತಂಪು ಪಾನೀಯ. ಸಂಗೀತಕ್ಕೆ ಬೇಕಾದದ್ದು ಆ ಕೋಣೆ. ಬಿಯರು ಅನೇಕ ಕಡೆ ಆ ಕೋಣೆಯ ಬಾಡಿಗೆ ಕಟ್ಟಿತು, ಅಷ್ಟೇ. ಧಾರವಾಡದ ಮನೆಗಳ ಪಡಸಾಲೆಯ ಬೈಠಕ್ಕುಗಳಲ್ಲಿ ಹಿಂದೂಸ್ತಾನಿ ಗಾಯಕರು ಚಹಾ ಕುಡಿಯುತ್ತ ಕೇಳುವವರ ಮುಖ ನೋಡಿ ರಾಗ ಬೆಳೆಸಿದ್ದೂ ಇದೇ ಬಗೆಯಲ್ಲಿ. ಉತ್ತರದ ಇನ್ನರ್ಧ ಅಳತೆಯಲ್ಲಿದೆ. ಕಲೋನ್ ನಗರದಲ್ಲಿ ಕೋಲ್ಷ್ ಬಿಯರನ್ನು ಕೊಡುವುದು 200 ಮಿಲಿಲೀಟರಿನ ಸಪೂರ ಗ್ಲಾಸಿನಲ್ಲಿ. ಬೆಲ್ಜಿಯಂನ ಗಡಸು ಬಿಯರುಗಳಲ್ಲಿ ಆಲ್ಕೋಹಾಲು ಶೇ 8ರಿಂದ 10ರಷ್ಟಿರುವುದರಿಂದ ಅವನ್ನು ಗುಟುಕು ಗುಟುಕಾಗಿ ಕುಡಿಯುವುದೇ ರೂಢಿ. ಇಲ್ಲಿಯೂ ಸಣ್ಣ ಗ್ಲಾಸಿನಲ್ಲೇ ರುಚಿ ನೋಡಿ, ನಡುನಡುವೆ ನೀರು ಕುಡಿಯಿರಿ, ಮನೆಗೆ ಮೆಟ್ರೊದಲ್ಲಿ ಹೋಗಿ. ಕುಡಿಯದವರು ಬರಿಯ ಸಂಗೀತಕ್ಕೆ ಬಂದಿದ್ದರೆ ಅವರಿಗೂ ಇಲ್ಲಿ ಅಷ್ಟೇ ಹಕ್ಕಿದೆ.

ಮೂರನೆಯ ಆಕ್ಷೇಪ ನೆರೆಮನೆಯವರದ್ದು. ನನ್ನ ನಿಜವಾದ ಚಿಂತೆ ಇರುವುದೂ ಅಲ್ಲೇ. ಪರೀಕ್ಷೆಗೆ ಓದುವ ಮಗು, ಹುಷಾರಿಲ್ಲದ ಹಿರಿಯರು ಇರುವ ಮನೆಯ ಗೋಡೆಗೆ ಡ್ರಮ್ಸಿನ ಸದ್ದು ಬಡಿದರೆ ಸಂಸ್ಕೃತಿಯ ಹೆಸರಿನಲ್ಲಿ ಸಹಿಸಿಕೊಳ್ಳಿ ಎನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಕಾನೂನು ಏನನ್ನು ಅಳೆಯಬೇಕು ಎಂಬುದೇ ಪ್ರಶ್ನೆ. ಇಂಗ್ಲೆಂಡಿನಲ್ಲಿ 2005ರವರೆಗೂ ಒಂದು ವಿಚಿತ್ರ ನಿಯಮವಿತ್ತು: ಪಬ್ಬಿನಲ್ಲಿ ಇಬ್ಬರವರೆಗೆ ವಾದ್ಯಗಾರರು ನುಡಿಸಿದರೆ ಪ್ರತ್ಯೇಕ ಮನರಂಜನಾ ಪರವಾನಗಿ ಬೇಡ, ಮೂರನೆಯವರು ಸೇರಿದರೆ ಬೇಕು. ದೊಡ್ಡ ಆಂಪ್ಲಿಫೈಯರ್ ಇಟ್ಟ ಇಬ್ಬರು ನಿರಾಳ, ಮೈಕ್ ಇಲ್ಲದೆ ಹಾಡುವ ಮೂವರು ಜನಪದ ಗಾಯಕರು ಅಪರಾಧಿಗಳು. ತಲೆ ಎಣಿಸಿದರು, ಸದ್ದು ಅಳೆಯಲಿಲ್ಲ. ಬಿಯರಿನ ಕಾನೂನಿನಲ್ಲೂ ಇದೇ ಬಗೆಯ ಎಡವಟ್ಟು ಆಯಿತು. ಬ್ರೂವರಿಗಳು ಪಬ್ಬುಗಳ ಮೇಲಿಟ್ಟ ಹಿಡಿತ ಸಡಿಲಿಸಲೆಂದು 1989ರಲ್ಲಿ 2000 ಪಬ್ಬುಗಳ ಮಿತಿ ಹಾಕಿದರು. ಬ್ರೂವರಿಗಳು ಮಾರಿದ ಪಬ್ಬುಗಳನ್ನು ಬಿಯರೇ ತಯಾರಿಸದ ಆಸ್ತಿ ಕಂಪನಿಗಳು ಸಾವಿರಗಟ್ಟಲೆ ಕೊಂಡವು. ಯಜಮಾನರು ಬದಲಾದರು, ಹಿಡಿತ ಉಳಿಯಿತು. ಪಾಠ ಕಲಿತದ್ದು 2012ರ ಲೈವ್ ಮ್ಯೂಸಿಕ್ ಕಾಯ್ದೆಯಲ್ಲಿ: ಮದ್ಯದ ಪರವಾನಗಿಯಿರುವ ಸ್ಥಳದಲ್ಲಿ 200 ಕೇಳುಗರವರೆಗೆ, ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ ಸಂಗೀತಕ್ಕೆ ಬೇರೆ ಪರವಾನಗಿ ಬೇಡ; ನೆರೆಯವರಿಗೆ ತೊಂದರೆಯಾದರೆ ಆ ಸ್ಥಳದ ಪರವಾನಗಿಯನ್ನೇ ಮರುಪರಿಶೀಲಿಸಿ ಷರತ್ತು ಹಾಕಬಹುದು. ಮೂರು ವರ್ಷಗಳಲ್ಲಿ 200 ಎಂಬುದನ್ನು 500ಕ್ಕೆ ಏರಿಸಿದರು. ಪ್ರಯೋಗ ಕೈಕೊಟ್ಟಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ನಮ್ಮಲ್ಲಿ ಏನಾಗಿದೆ? ಮೈಕ್ರೋಬ್ರೂವರಿಗಳಿಗೆ ಅನುಮತಿ ಕೊಟ್ಟ ಬಳಿಕ ಬಿಯರಿನ ಮಟ್ಟಿಗೆ ಬೆಂಗಳೂರು ದೇಶಕ್ಕೇ ಮೇಲ್ಪಂಕ್ತಿ ಹಾಕಿತು. ರಾಗಿ, ಮಾವು, ಬೆಲ್ಲದಿಂದ ಪ್ರಯೋಗ ಮಾಡಿದವರಿದ್ದಾರೆ. ಸಂಗೀತದ ಮಟ್ಟಿಗೆ ಗಾಲಿ ಹಿಂದಕ್ಕೆ ಉರುಳಿತು. ಕ್ಯಾಬರೆ, ಡಿಸ್ಕೊಥೆಕ್, ಲೈವ್ ಬ್ಯಾಂಡ್ ಎಲ್ಲವನ್ನೂ ಒಂದೇ ಪೊಲೀಸ್ ಪರವಾನಗಿಯಡಿ ತಂದ 2005ರ ಆದೇಶವನ್ನು 2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆ ವರ್ಷವೇ ನಗರದ ಹಲವು ಪಬ್ಬುಗಳಲ್ಲಿ ಹಾಡುಗಾರಿಕೆ ನಿಂತಿತು. ಮೂಲೆಯಲ್ಲಿ ಕೂತು ಗಿಟಾರು ನುಡಿಸುವವನೂ ಡಿಸ್ಕೊಥೆಕ್ಕೂ ಕಾನೂನಿನ ಕಣ್ಣಿಗೆ ಒಂದೇ ಆದದ್ದು ತಲೆ ಎಣಿಸುವ ಹಳೆಯ ತಪ್ಪಿನದೇ ಇನ್ನೊಂದು ರೂಪ. ಸದ್ದನ್ನು ಅಳೆಯಲು ನಮ್ಮಲ್ಲಿ ನಿಯಮವಿಲ್ಲವೆಂದಲ್ಲ. ಶಬ್ದಮಾಲಿನ್ಯ ನಿಯಂತ್ರಣಕ್ಕೆ 2000ದ ನಿಯಮಗಳಿವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯಿದೆ. ಅಳತೆಯ ಉಪಕರಣವನ್ನು ನೆರೆಮನೆಯ ಗೋಡೆಯ ಬಳಿ ಹಿಡಿಯಿರಿ. ಮಿತಿ ಮೀರಿದರೆ ದಂಡ ಹಾಕಿ, ಮತ್ತೆ ಮೀರಿದರೆ ಬಾಗಿಲು ಮುಚ್ಚಿಸಿ. ಮೀರದಿದ್ದರೆ ಒಳಗೆ ಎಷ್ಟು ಜನ ನುಡಿಸುತ್ತಾರೆ ಎಂಬುದು ಸರ್ಕಾರದ ಚಿಂತೆಯಾಗಬೇಕಿಲ್ಲ. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, ಸ್ವರಾತ್ಮದಂಥ ತಂಡಗಳು ಬೆಳೆದ ಊರು ಇದು. ಅವರ ನಂತರದವರು ಮೊದಲ ಬಾರಿ ಶ್ರುತಿ ತಪ್ಪುವುದಕ್ಕಾದರೂ ಒಂದು ಜಾಗ ಬೇಡವೇ? ಸಾವಿರಾರು ಜನರೆದುರು ಯಾರೂ ಕಲಿಯುವುದಿಲ್ಲ, ಕಲಿತದ್ದನ್ನು ತೋರಿಸುತ್ತಾರೆ.

ಆದ್ದರಿಂದ ನನ್ನ ಕೋರಿಕೆ ಎರಡು. ಅಧಿಕಾರದಲ್ಲಿರುವವರಿಗೆ: ಇನ್ನೂರು ಜನರ ಒಳಗಿನ ಕೋಣೆಗಳಿಗೆ ಸರಳವಾದ ಬೇರೆ ನಿಯಮ ಮಾಡಿ, ಅದರಲ್ಲಿ ಸದ್ದಿಗೆ ಕಟ್ಟುನಿಟ್ಟಿನ ಮಿತಿಯಿರಲಿ. ಇಲ್ಲಿ ಸೇರಿರುವ ನಿಮಗೆ: ಉತ್ಸವ ಮುಗಿದ ಮೇಲೆ ಬರುವ ಯಾವುದಾದರೂ ಮಂಗಳವಾರವೋ ಬುಧವಾರವೋ ಹೊಸ ಹುಡುಗ ಹುಡುಗಿಯರು ಸ್ವಂತ ಹಾಡು ನುಡಿಸುವ ಜಾಗ ಹುಡುಕಿಕೊಂಡು ಹೋಗಿ. ಬಾಗಿಲಲ್ಲಿ ಪ್ರವೇಶ ಶುಲ್ಕ ಕೇಳಿದರೆ ಚೌಕಾಸಿ ಮಾಡಬೇಡಿ. ಹಾಡು ನಡೆಯುವಾಗ ಮಾತು ನಿಲ್ಲಿಸಿ, ಚೆನ್ನಾಗಿಲ್ಲದಿದ್ದರೆ ಅವರಿಗೇ ಹೇಳಿ, ಮುಂದಿನ ವಾರ ಮತ್ತೆ ಹೋಗಿ. ಉತ್ಸವ ಆರಂಭವಾಗಿದೆ ಎಂದು ಘೋಷಿಸುತ್ತೇನೆ.