ಹೊಳೆಯುವ ತಾಮ್ರದ ಕಾಸು ಕೂಡಿಡಬೇಕೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಲೇಖಕರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಕಂಪ್ಯೂಟರ್ ಬಗ್ಗೆ ಮಾತಾಡಿ ಎಂದು ಸಮಿತಿಯವರು ಕೇಳಿದ್ದರು. ಅದನ್ನು ಹೇಳಲು ನನಗಿಂತ ಬಲ್ಲವರು ಇಲ್ಲಿದ್ದಾರೆ. ನಾನು ನನ್ನ ಹವ್ಯಾಸವಾದ ನಾಣ್ಯಗಳ ವಿಷಯ ಹೇಳುತ್ತೇನೆ, ಅದರಲ್ಲೂ ತಾಮ್ರದ ಕಾಸುಗಳ ವಿಷಯ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿನ ಹಳೇ ಮನೆಗಳಲ್ಲಿ ಹುಡುಕಿದರೆ ಅಂಥ ಒಂದೆರಡು ಕಾಸು ಸಿಕ್ಕೇ ಸಿಗುತ್ತವೆ. ಅವನ್ನು ಇಟ್ಟುಕೊಂಡರೆ ಏನಾದರೂ ಪ್ರಯೋಜನವಿದೆಯೇ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ.

ನಾನು ಎಂಟನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ವಸ್ತುಪ್ರದರ್ಶನ ಇತ್ತು. ನಮ್ಮಜ್ಜಿಯ ಹತ್ತಿರ ಒಂದು ತಗಡಿನ ಡಬ್ಬಿ. ಅದರೊಳಗೆ ಆನೆಯ ಚಿತ್ರವಿದ್ದ ದಪ್ಪ ಕಾಸು ಒಂದು, ಯುದ್ಧಕಾಲದ ತೂತಿನ ಕಾಸು ನಾಲ್ಕು, ಸ್ವಾತಂತ್ರ್ಯ ಬಂದ ಮೇಲಿನ ಕುದುರೆ ಚಿತ್ರದ ಕಾಸು ಎರಡು, 1957ರ ಒಂದು ನಯಾ ಪೈಸೆಯೂ ಕೆಲವು. ಎಲ್ಲ ಕಪ್ಪಗೆ, ಕಂದಾಗಿ ಇದ್ದವು. ಪ್ರದರ್ಶನಕ್ಕೆ ಹೀಗೆ ಇಡುವುದೇ ಎಂದು ರಾತ್ರಿಯೆಲ್ಲ ಹುಣಸೆಹಣ್ಣು, ಉಪ್ಪಿನಲ್ಲಿ ನೆನೆಸಿ ಬೆಳಿಗ್ಗೆ ಇಟ್ಟಿಗೆ ಪುಡಿ ಹಾಕಿ ಉಜ್ಜಿದೆ. ಹುಣಸೂರು ಸೀಮೆಯವರಿಗೆ ಹುಣಸೆಹಣ್ಣಿನ ಉಪಯೋಗ ಯಾರಾದರೂ ಹೇಳಿಕೊಡಬೇಕೇ! ಫಳಫಳ ಹೊಳೆದವು. ಬಹುಮಾನವೂ ಬಂತು. ನಮ್ಮ ಸಮಾಜ ಮೇಷ್ಟ್ರು ಮಾತ್ರ ಆನೆ ಕಾಸನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಯಾಕಪ್ಪಾ ಉಜ್ಜಿದೆ?" ಎಂದಷ್ಟೇ ಕೇಳಿದರು.

ಆ ಪ್ರಶ್ನೆ ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು. ಆನೆಯ ಕಾಸನ್ನು ಟಿಪ್ಪು ಸುಲ್ತಾನನೂ ಹೊರಡಿಸಿದ್ದ, ಮುಮ್ಮಡಿ ಕೃಷ್ಣರಾಜ ಒಡೆಯರೂ ಹೊರಡಿಸಿದ್ದರು. ಟಿಪ್ಪುವಿನದಾದರೆ ಹಿಂಬದಿಯಲ್ಲಿ ಪಾರ್ಸಿ ಅಕ್ಷರದಲ್ಲಿ ಟಂಕಸಾಲೆಯ ಹೆಸರು ಇರುತ್ತದೆ. ಒಡೆಯರದಾದರೆ ಕನ್ನಡ ಅಕ್ಷರವೂ ಕಾಣುತ್ತದೆ. ನಮ್ಮಜ್ಜಿಯ ಕಾಸಿನ ಹಿಂಬದಿ ಮೊದಲೇ ಸವೆದಿತ್ತು. ಉಳಿದದ್ದನ್ನು ನನ್ನ ಇಟ್ಟಿಗೆ ಪುಡಿ ತಿಂದುಹಾಕಿತು. ಅದು ಶ್ರೀರಂಗಪಟ್ಟಣದಲ್ಲಿ ಅಚ್ಚಾದದ್ದೋ, ಒಡೆಯರ ಕಾಲದ್ದೋ ಎಂದು ಇನ್ನು ಯಾರೂ ಹೇಳಲಾರರು. ಅಜ್ಜಿಗೆ ಅದು ಅವರ ತಾಯಿಯಿಂದ ಬಂದದ್ದಂತೆ.

ಹೊಸ ತಾಮ್ರದ ಹೊಳಪು ಎಂದರೆ ಏನು ಎಂಬುದನ್ನು ಸ್ವಲ್ಪ ಹೇಳಬೇಕು. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಲೋಹ ಅದರ ಒತ್ತಡಕ್ಕೆ ಹರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಕಾಸನ್ನು ಅತ್ತಿತ್ತ ಓಲಾಡಿಸಿದಾಗ ಬೆಳಕು ಗಿರಗಿರ ತಿರುಗುವುದು ಆ ಗೆರೆಗಳಿಂದ. ಹುಣಸೆಹುಳಿ ಮೇಲಿನ ಕಿಲುಬನ್ನು ಕರಗಿಸುತ್ತದೆ, ಅದರ ಜೊತೆಗೆ ಗೆರೆಗಳನ್ನೂ ಕರಗಿಸುತ್ತದೆ. ಆಮೇಲೆ ಉಳಿಯುವುದು ಗುಲಾಬಿ ಬಣ್ಣದ ಸಪ್ಪೆ ಹೊಳಪು. ನಾಲ್ಕು ತಿಂಗಳಲ್ಲಿ ಅದೂ ಮಚ್ಚೆ ಮಚ್ಚೆಯಾಗಿ ಕಪ್ಪಾಗುತ್ತದೆ. ಬಿಂದಿಗೆ ಬೆಳಗುವುದು ಸರಿ, ಕಾಸು ಬೆಳಗಬಾರದು.

ಇನ್ನು ದುಡ್ಡಿನ ಲೆಕ್ಕ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, 64 ಕಾಸು. ಆಮೇಲೆ 100 ನಯಾ ಪೈಸೆ. ಒಂದು ಪೈಸೆಯ ತೂಕ ಒಂದೂವರೆ ಗ್ರಾಂ, ಲೋಹ ಕಂಚು, ಅಂದರೆ ಬಹುಪಾಲು ತಾಮ್ರ. ಅದರ ಮೇಲೆ ಹಿಂದಿಯಲ್ಲಿ 'ರೂಪಾಯಿಯ ನೂರನೇ ಭಾಗ' ಎಂದು ಬರೆದಿತ್ತು, ಜನಕ್ಕೆ ಹೊಸ ಲೆಕ್ಕ ತಿಳಿಯಲಿ ಅಂತ. ಆಗ ಯಾರೋ ಒಂದು ರೂಪಾಯಿ ಕೊಟ್ಟು ನೂರು ಹೊಸ ಪೈಸೆ ತಂದು ಮುಟ್ಟದೆ ಇಟ್ಟರು ಎನ್ನಿ. ಅದೇ ರೂಪಾಯಿಯನ್ನು ವರ್ಷಕ್ಕೆ ಶೇಕಡಾ 6ರ ಚಕ್ರಬಡ್ಡಿಗೆ ಇಟ್ಟಿದ್ದರೆ ಹನ್ನೆರಡು ವರ್ಷಕ್ಕೊಮ್ಮೆ ಇಮ್ಮಡಿಯಾಗಿ, ಅರವತ್ತು ವರ್ಷಕ್ಕೆ 32 ರೂಪಾಯಿ ಆಗುತ್ತಿತ್ತು. ನೂರು ಪೈಸೆ ಎಂದರೆ 150 ಗ್ರಾಂ ಕಂಚು. ಗುಜರಿಗೆ ಹಾಕಿದರೂ ಅದಕ್ಕಿಂತ ಹೆಚ್ಚೇ ಸಿಗುತ್ತದೆ. "ಹಾಗಾದರೆ ಲಾಭವೇ ಆಯಿತಲ್ಲ ಸಾರ್" ಎನ್ನುತ್ತೀರಿ. ಆಯಿತು, ಆದರೆ ಅರವತ್ತು ವರ್ಷ ಕಾದ ಮೇಲೆ, ಒಂದು ಹೊತ್ತಿನ ಊಟದಷ್ಟು!

ಹೊಳಪಿಗೆ ಬೆಲೆ ಇಲ್ಲವೇ? ಇದೆ, ಯಾರೂ ಎತ್ತಿಡದ ಕಾಸಿಗೆ. 1957ರದ್ದು ಹೊಸದೆಂಬ ಕೌತುಕಕ್ಕೆ ಬಹಳ ಜನ ಎತ್ತಿಟ್ಟರು. ಹೀಗಾಗಿ ಅದು ಹೊಳೆದರೂ ಅಪರೂಪವಲ್ಲ. ನಾನೇ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಹೊಳೆಯುವ ಪೈಸೆ ಇಪ್ಪತ್ತು ರೂಪಾಯಿಗೊಂದರಂತೆ ಹತ್ತು ಕೊಂಡೆ. ಮಧ್ಯಾಹ್ನ ಇನ್ನೊಂದು ಮೇಜಿನಲ್ಲಿ ಸುಮ್ಮನೆ ಮಾರಲು ಕೇಳಿದೆ. ಒಂದಕ್ಕೆ ಮೂರು ರೂಪಾಯಿ ಎಂದರು. ಇದಕ್ಕಿಂತ ಹೆಚ್ಚಿನ ವಾಣಿಜ್ಯಶಾಸ್ತ್ರ ನಾನು ಕಲಿತಿಲ್ಲ.

ಈ ಕಥೆ ನನ್ನ ತಂದೆಗೆ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಕೆಲವು ವರ್ಷಗಳ ಹಿಂದೆ ಅವರಿಗೆ ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು, ಹಳೇ ಪೈಸೆಗೆ ಎರಡು ಲಕ್ಷ. ಅಜ್ಜಿಯ ಡಬ್ಬಿಯ ಫೋಟೊ ತೆಗೆದು ಕಳಿಸಿದರು. ಆ ಕಡೆಯವನು ಕನ್ನಡದಲ್ಲೇ, "ಅಪ್ಪಾಜಿ" ಎಂದು ಕರೆದು ಮಾತಾಡಿದನಂತೆ. ನೋಂದಣಿಗೆ ಸಾವಿರದ ಐನೂರು, ಆಮೇಲೆ ತೆರಿಗೆ ಎಂದು ಆರು ಸಾವಿರ, ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ ಎಂದು ಇನ್ನಷ್ಟು. ಹೊಗೆಸೊಪ್ಪು ಮಾರಿದ ದುಡ್ಡು. ಹರಾಜಿನಲ್ಲಿ ಕೆ.ಜಿ.ಗೆ ಒಂದು ರೂಪಾಯಿ ಕಡಿಮೆ ಬಂದರೆ ರಾತ್ರಿ ನಿದ್ದೆ ಮಾಡದ ಮನುಷ್ಯ! ನನಗೆ ಹೇಳಿದ್ದು ಮೂರು ತಿಂಗಳ ಮೇಲೆ, ಅದೂ ನಮ್ಮಮ್ಮ. ಅಪ್ಪ ಮೋಸ ಹೋದದ್ದಕ್ಕಿಂತ, ಎಂಜಿನಿಯರ್ ಮಗನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬ ನಾಚಿಕೆಗೆ ಬಾಯಿ ಬಿಟ್ಟಿರಲಿಲ್ಲ. ನಾನಾದರೂ ವಾರಕ್ಕೆ ಒಂದು ಫೋನು ಸರಿಯಾಗಿ ಮಾಡುತ್ತಿದ್ದೆನೇ?

ಮನೆಯಲ್ಲಿ ಹೋಗಿ ಹೇಳಿ, ಮಕ್ಕಳೇ: ಹಳೇ ನಾಣ್ಯ, ನೋಟಿನ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ತಾನು ಅದಕ್ಕೆ ಶುಲ್ಕ ಕೇಳುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನೀವು ಅವನಿಗಲ್ಲ. ಹಾಗೆಯೇ ಉಳುವಾಗ ನೆಲದಲ್ಲಿ ಹಳೇ ಕಾಸಿನ ಗಡಿಗೆ ಸಿಕ್ಕರೆ ಬಚ್ಚಿಡುವಂತಿಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಇಷ್ಟೆಲ್ಲ ಆದ ಮೇಲೂ ನಾನು ಕಾಸು ಕೂಡಿಡುವುದನ್ನು ಬಿಟ್ಟಿಲ್ಲ. ಮಾರುವ ಆಸೆ ಬಿಟ್ಟ ಮೇಲೆ ಸುಖ ಹೆಚ್ಚಾಗಿದೆ. ವರ್ಷದ ಅಂಕಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕಲ್ಕತ್ತ ಎಂದು ಭೂತಗನ್ನಡಿ ಹಿಡಿದು ನೋಡುತ್ತಾ ಕೂತರೆ ಭಾನುವಾರ ಕಳೆಯುತ್ತದೆ. ಹೊಳೆಯುವ ಕಾಸು ಒಂದು ಸಾಕು, ಅಚ್ಚು ಹೇಗಿತ್ತು ಎಂದು ತಿಳಿಯುವುದಕ್ಕೆ. ನನಗೆ ಈಗ ಸವೆದವೇ ಇಷ್ಟ. ಹೊಳೆಯುವ ಪೈಸೆ ಯಾರ ಉಪ್ಪು, ಬೆಂಕಿಪೊಟ್ಟಣಕ್ಕೂ ಹೋಗಿಲ್ಲ. ಚುಂಚನಕಟ್ಟೆ ಜಾತ್ರೆಯನ್ನೂ ಕಂಡಿಲ್ಲ.

ಅಜ್ಜಿಯ ಡಬ್ಬಿ ತಂದಿದ್ದೇನೆ. ತಳದ ಕಾಗದದ ಮಡಿಕೆಯಲ್ಲಿ ಸಿಕ್ಕಿಕೊಂಡು ನನ್ನ ಇಟ್ಟಿಗೆ ಪುಡಿಯಿಂದ ತಪ್ಪಿಸಿಕೊಂಡ ಒಂದು ನಯಾ ಪೈಸೆ ಇದರಲ್ಲಿದೆ, ಇನ್ನೂ ಕೆಂಪಗೇ ಇದೆ. ಪಕ್ಕದಲ್ಲಿ ನಾನು ಉಜ್ಜಿದ ಆನೆ ಕಾಸು. ಎರಡನ್ನೂ ಮುಂದಿನ ಸಾಲಿಗೆ ಕೊಡುತ್ತಿದ್ದೇನೆ. ಬೆರಳಿನ ಬೆವರು ತಾಗದಂತೆ ಅಂಚು ಹಿಡಿದು ನೋಡಿ, ನೋಡಿ ಹಿಂದಿನವರಿಗೆ ಕೊಡಿ. ಕೊನೆಯ ಸಾಲಿನಲ್ಲಿ ನಮ್ಮಪ್ಪ ಕೂತಿದ್ದಾರೆ, ಅವರ ಕೈಗೆ ತಲುಪಿಸಿಬಿಡಿ.