ಸೊಲ್ಲು ಹಿಡಿಯುವವರು



‘ಹೊಸ ಅಲೆ’ ಎಂದೊಡನೆ ನಮಗೆ ನೆನಪಾಗುವುದು ಚಲನಚಿತ್ರ. 1970ರ ‘ಸಂಸ್ಕಾರ’ ಮತ್ತು ಅದರ ಹಿಂದೆ ಬಂದ ಚಿತ್ರಗಳು. ಅದೇ ದಶಕದ ಕೊನೆಯ ವರ್ಷಗಳಲ್ಲಿ ಪಶ್ಚಿಮದ ರಾಕ್ ಸಂಗೀತದಲ್ಲಿಯೂ ‘ನ್ಯೂ ವೇವ್’ ಎಂಬ ಒಂದು ಹೊಸ ಅಲೆ ಎದ್ದಿತು. ಆ ಅಲೆಯ ಒಂದು ಕಛೇರಿಯ ಧ್ವನಿಮುದ್ರಿಕೆಯನ್ನು ಕುರಿತು ಈ ದಿನ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದವನಿಗೆ ಈ ವಿಷಯವೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಮಾತಿನ ನಡುವೆಯೇ ಸಿಗುತ್ತದೆ.

ನ್ಯೂಯಾರ್ಕಿನ ‘ಟಾಕಿಂಗ್ ಹೆಡ್ಸ್’ ತಂಡ 1983ರ ಡಿಸೆಂಬರಿನಲ್ಲಿ ಹಾಲಿವುಡ್ಡಿನ ಪ್ಯಾಂಟೇಜಸ್ ರಂಗಮಂದಿರದಲ್ಲಿ ಹಾಡಿತು. ಜೊನಾಥನ್ ಡೆಮಿ ಅದನ್ನು ಚಿತ್ರೀಕರಿಸಿದರು. ‘ಸ್ಟಾಪ್ ಮೇಕಿಂಗ್ ಸೆನ್ಸ್’ ಎಂಬ ಹೆಸರಿನಲ್ಲಿ ಚಿತ್ರವೂ ಧ್ವನಿಮುದ್ರಿಕೆಯೂ 1984ರಲ್ಲಿ ಹೊರಬಂದವು. ಬರಿದಾದ ವೇದಿಕೆಗೆ ಮೊದಲು ಡೇವಿಡ್ ಬರ್ನ್ ಒಬ್ಬರೇ ಬರುತ್ತಾರೆ. ಕೈಯಲ್ಲಿ ಒಂದು ಗಿಟಾರು, ಒಂದು ಕ್ಯಾಸೆಟ್ ಯಂತ್ರ. ಎರಡನೆಯ ಹಾಡಿಗೆ ಟೀನಾ ವೇಮೌತ್ ಜೊತೆಗೂಡುತ್ತಾರೆ, ಮೂರನೆಯದಕ್ಕೆ ಡ್ರಮ್ ಬಾರಿಸುವ ಕ್ರಿಸ್ ಫ್ರಾಂಟ್ಸ್, ನಾಲ್ಕನೆಯದಕ್ಕೆ ಜೆರ್ರಿ ಹ್ಯಾರಿಸನ್. ಹೀಗೆ ಬೆಳೆಯುತ್ತ ವೇದಿಕೆಯ ಮೇಲೆ ಒಂಬತ್ತು ಜನರಾಗುತ್ತಾರೆ. ಒಂಟಿ ದನಿ ಮೇಳವಾಗುವ ಬಗೆಯನ್ನು ನಮ್ಮ ಕಿವಿಯೇ ಹಿಂಬಾಲಿಸುತ್ತದೆ.

ಇದಕ್ಕೆ ಮೂರು ವರ್ಷ ಮೊದಲು, 1980ರ ‘ರಿಮೇನ್ ಇನ್ ಲೈಟ್’ ಎಂಬ ಧ್ವನಿಮುದ್ರಿಕೆಯಲ್ಲಿ, ಈ ತಂಡ ನೈಜೀರಿಯಾದ ಫೇಲಾ ಕುಟಿಯ ಸಂಗೀತದಿಂದ ಪಾಠ ಕಲಿತಿತ್ತು. ಒಂದು ಚಿಕ್ಕ ಸ್ವರಗುಚ್ಛವನ್ನು ಬಿಡದೆ ಮರಳಿ ಮರಳಿ ನುಡಿಸುವುದು, ಒಬ್ಬರು ಕರೆದರೆ ಹಲವರು ಓಗೊಡುವುದು ಆ ಸಂಗೀತದ ಜೀವಾಳ. ಸ್ಟುಡಿಯೋದಲ್ಲಿ ಒಂದೊಂದು ವಾದ್ಯವನ್ನು ಬೇರೆ ಬೇರೆಯಾಗಿ ಮುದ್ರಿಸಿ, ತಪ್ಪನ್ನು ಅಳಿಸಿ, ಕೊನೆಗೆ ಎಲ್ಲವನ್ನೂ ಹೊಂದಿಸಬಹುದು. ಆದರೆ ಕರೆ ಮತ್ತು ಓಗೊಡುವಿಕೆಗಳು ಒಂದೇ ಗಳಿಗೆಯಲ್ಲಿ ಎದುರಾಗುವ ಬಿಸಿಯನ್ನು ಹೊಂದಿಸಿ ತರುವುದು ಕಷ್ಟ. ಕಛೇರಿಯ ಮುದ್ರಿಕೆಗೆ ಬೆಲೆ ಬರುವುದು ಆ ಬಿಸಿಯಿಂದ. ಜನರ ಗದ್ದಲ ಸಂಗೀತಕ್ಕೆ ಅಡ್ಡಿಯೆನ್ನುವ ರಸಿಕರಿದ್ದಾರೆ. ಸಂಗೀತವನ್ನು ಒಬ್ಬನ ಸೃಷ್ಟಿಯೆಂದು ತಿಳಿದವರಿಗೆ ಅದು ಅಡ್ಡಿಯೇ ಸರಿ.

ಈಗ ನನ್ನಿವಾಳಕ್ಕೆ ಬರುತ್ತೇನೆ. ಮ್ಯಾಸನಾಯಕರ ಕಟ್ಟೆಮನೆಯೆಂದು, ದೇವರ ಎತ್ತುಗಳ ನೆಲೆಯೆಂದು ಹೆಸರಾದ ಊರು ಇದು. ಸುತ್ತಲೂ ನಾಯಕರ ಹಟ್ಟಿಗಳು, ಕಾಡುಗೊಲ್ಲರ ಹಟ್ಟಿಗಳು. ಒಂದೆಡೆ ಉರುಮೆಯ ಸದ್ದು, ಇನ್ನೊಂದೆಡೆ ಜುಂಜಪ್ಪನ ಕತೆ ಹೇಳುವ ಗಣೆಯ ದನಿ. ಮದುವೆಯ ಚಪ್ಪರದಲ್ಲಿ ಹೆಂಗಸರು ಸೋಬಾನೆ ಹಾಡುವುದನ್ನು ನೀವು ಕೇಳಿರಬಹುದು. ಒಬ್ಬಿಬ್ಬರು ಹೇಳುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಮೇಲುನೋಟಕ್ಕೆ ಈ ಸೊಲ್ಲು ಬರಿಯ ಪುನರುಕ್ತಿ. ಆದರೆ ಹಿಮ್ಮೇಳ ಸಾಲನ್ನು ಮರುಕಳಿಸುವ ಆ ಅರೆನಿಮಿಷದಲ್ಲಿ ಹೇಳುವಾಕೆ ಮುಂದಿನ ಸಾಲನ್ನು ನೆನೆಯುತ್ತಾಳೆ, ನೆನಪಾಗದಿದ್ದರೆ ಕಟ್ಟುತ್ತಾಳೆ. ಹಿಮ್ಮೇಳ ಹುರುಪಾಗಿದ್ದರೆ ಹಾಡು ಬೆಳೆಯುತ್ತದೆ, ಬಳಲಿದರೆ ಬೇಗನೆ ಮುಗಿಯುತ್ತದೆ. ಹಾಡಿನ ಉದ್ದವನ್ನೂ ಕೆಲಮಟ್ಟಿಗೆ ಹಾಡಿನ ಮಾತನ್ನೂ ನಿರ್ಧರಿಸುವವರು ಸೊಲ್ಲು ಹಿಡಿಯುವವರೇ.

ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ನಮ್ಮ ತಾಲ್ಲೂಕಿನವರು. ಅಕ್ಷರವರಿಯದ ಆ ತಾಯಿಯ ಎದೆಯಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಗ್ರಂಥವಾಗಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಯನ್ನು ನಾಡೋಜ ಎಂದು ಗೌರವಿಸಿತು. ಅಂಥ ಸಂಗ್ರಹಗಳಿಲ್ಲದಿದ್ದರೆ ನಮಗೆ ಈ ಮಾತುಗಳೂ ಉಳಿಯುತ್ತಿರಲಿಲ್ಲ. ಆದರೆ ಅಚ್ಚಿನ ಪುಟಕ್ಕೆ ಅದರದೇ ಮಿತಿಯುಂದು ಒಪ್ಪಬೇಕು. ಅಲ್ಲಿ ಸೊಲ್ಲನ್ನು ಒಂದು ಸಲ ಬರೆದು ಕೈಬಿಡುವುದು ವಾಡಿಕೆ. ಹೇಳುವಾಕೆಯ ಹೆಸರು ಉಳಿಯುತ್ತದೆ. ಆಕೆಗೆ ಉಸಿರು ಕೊಟ್ಟ ಹತ್ತು ಕೊರಳುಗಳು ಉಳಿಯುವುದಿಲ್ಲ.

ಪಟ್ಟಣದ ಸಂಗೀತದಲ್ಲಿಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಯಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂದ ಮೇಲೆ ಭಾವಗೀತೆ ಮನೆಯ ಪಡಸಾಲೆಯ ಸಂಗೀತವಾಯಿತು. ಕೇಳುವವನು ಒಬ್ಬನೇ ಕುಳಿತು ಕೇಳತೊಡಗಿದ. 2005ರಲ್ಲಿ ಸಿ. ಅಶ್ವಥ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದಾಗ ಅದೇ ಗೀತೆಗಳು ಜನಸಾಗರದ ನಡುವೆ ನಿಂತವು. ಪಡಸಾಲೆಯಲ್ಲಿ ಮೆಲುದನಿಯಾಗಿದ್ದ ಪದ್ಯ ಅಲ್ಲಿ ಘೋಷವಾಯಿತು. ಕವಿತೆಯ ನಯ ಅಲ್ಲಿ ಕೊಂಚ ಕಳೆಯಿತೆನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ನೆರೆದವರೂ ಹಾಡಿನ ಪಾಲುದಾರರು ಎಂಬುದು ಅಲ್ಲಿ ಮತ್ತೆ ಕಂಡಿತು.

ಹಾಗೆಂದು ಕಛೇರಿಯ ಮುದ್ರಿಕೆಯೆಲ್ಲ ಸತ್ಯವೆಂದು ನಾನು ಹೇಳುವುದಿಲ್ಲ. ಅಲ್ಲಿಯೂ ಕತ್ತರಿಯುಂಟು. ಟಾಕಿಂಗ್ ಹೆಡ್ಸ್ ತಂಡದ 1984ರ ಮುದ್ರಿಕೆಯಲ್ಲಿ ಇದ್ದುದು ಒಂಬತ್ತೇ ಹಾಡು. 1999ರಲ್ಲಿ ಹದಿನಾರು ಹಾಡುಗಳ ಆವೃತ್ತಿ ಬಂದಾಗ ಕಛೇರಿಯ ಪೂರ್ಣರೂಪ ಹೆಚ್ಚು ತಿಳಿಯಿತು. ಅಲ್ಲಿ ಮೂಲ ಮುದ್ರಣ ಭದ್ರವಾಗಿತ್ತು, ಹದಿನೈದು ವರ್ಷದ ಮೇಲೂ ಕತ್ತರಿಸಿದ್ದನ್ನು ಮರಳಿ ಜೋಡಿಸಬಹುದಾಯಿತು. ನಮ್ಮ ಹಟ್ಟಿಯ ಹಾಡಿಗೆ ಆ ಅನುಕೂಲವಿಲ್ಲ. ಮುದ್ರಿಸುವಾಗ ಬಿಟ್ಟದ್ದು ಬಿಟ್ಟೇಹೋಯಿತು. ಸಿರಿಯಜ್ಜಿ ಈಗಿಲ್ಲ, ಆಕೆಯ ತಲೆಮಾರಿನವರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ.

ಈಗ ಪ್ರತಿಯೊಬ್ಬ ಹುಡುಗನ ಕೈಯಲ್ಲಿಯೂ ಮುದ್ರಣಯಂತ್ರವಿದೆ. ಆದರೆ ನಾನು ಕಂಡಂತೆ ಅವರು ಮೊಬೈಲನ್ನು ಹಿರಿಯಳ ಬಾಯಿಯ ಹತ್ತಿರಕ್ಕೇ ಹಿಡಿಯುತ್ತಾರೆ. ಹಿಂದೆ ಕುಳಿತವರು ಸುಮ್ಮನಿರಲೆಂದು ಕೈಸನ್ನೆ ಮಾಡುವವರೂ ಉಂಟು. ಹಿಮ್ಮೇಳ ಸುಮ್ಮನಾದರೆ ಆ ತಾಯಿ ನಾಲ್ಕು ನುಡಿಗೆ ನಿಲ್ಲಿಸಿಬಿಡುತ್ತಾಳೆ, ಮರೆತುಹೋಯಿತು ಎನ್ನುತ್ತಾಳೆ. ನಿಜಕ್ಕೂ ಆಕೆ ಮರೆತಿರುವುದಿಲ್ಲ. ಆಕೆಯ ನೆನಪಿನ ಅರ್ಧ ಭಾಗ ಹಿಂದೆ ಕುಳಿತವರ ಕೊರಳಿನಲ್ಲಿರುತ್ತದೆ.

ಆದ್ದರಿಂದ ಕಿರಿಯ ಗೆಳೆಯರಲ್ಲಿ ನನ್ನದೊಂದೇ ಬಿನ್ನಹ. ಯಂತ್ರವನ್ನು ಹೇಳುವವರಿಗೂ ಸೊಲ್ಲು ಹಿಡಿಯುವವರಿಗೂ ನಡುವೆ ಇಡಿ. ಮಗು ಅತ್ತರೆ ಅಳಲಿ, ಬಳೆ ಸದ್ದಾದರೆ ಆಗಲಿ. ಹಾಡು ತಾನಾಗಿ ಮುಗಿಯುವವರೆಗೆ ಅದನ್ನು ನಿಲ್ಲಿಸಬೇಡಿ.